ಲಿಂಕ್ ಇದ್ದವರಿಗೆಲ್ಲ ತೆರೆದ ಕಡತ

ಜುಲೈ ಬಂತೆಂದರೆ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲೂ ಬಸವನಗುಡಿಯ ಡಿವಿಜಿ ರಸ್ತೆಯ ಆಸುಪಾಸಿನಲ್ಲೂ ಇರುವ ಆಡಿಟರ್ ಆಫೀಸುಗಳಲ್ಲಿ ಪುರುಸೊತ್ತೆಂಬುದೇ ಇರುವುದಿಲ್ಲ. ಸಂಬಳದಾರರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಮಾಮೂಲಾಗಿ ಜುಲೈ 31 ಕಡೆಯ ದಿನ. ಹಿಂದೆ ಇಂಥ ಆಫೀಸುಗಳ ಗೋಡೆಯುದ್ದಕ್ಕೂ ಲಾಡಿ ಕಟ್ಟಿದ ಫೈಲುಗಳು ಸಾಲಾಗಿ ಕೂತಿರುತ್ತಿದ್ದವು. ಈಗ ಅವೇ ಫೈಲುಗಳು ಗೂಗಲ್ ಡ್ರೈವ್‌ನಲ್ಲೋ ಒನ್‌ಡ್ರೈವ್‌ನಲ್ಲೋ ಒಬ್ಬೊಬ್ಬ ಕ್ಲೈಂಟಿನ ಹೆಸರಿನಲ್ಲಿ ಒಂದೊಂದು ಫೋಲ್ಡರ್ ಆಗಿವೆ. ಒಳಗೆ ಪ್ಯಾನ್ ಕಾರ್ಡು, ಆಧಾರ್ ಪ್ರತಿ, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟು, ಆ ವರ್ಷ ಸೈಟು ಮಾರಿದ್ದರೆ ಅದರ ಕ್ರಯಪತ್ರ. ಲೆಕ್ಕ ಸಿದ್ಧವಾದ ಮೇಲೆ ‘ಒಮ್ಮೆ ನೋಡಿ ಹೇಳಿ’ ಎಂದು ಆಫೀಸಿನಿಂದ ವಾಟ್ಸಾಪಿನಲ್ಲಿ ಲಿಂಕ್ ಹೋಗುತ್ತದೆ. ಕ್ಲೈಂಟ್ ಒತ್ತಿದರೆ ‘ಯು ನೀಡ್ ಆಕ್ಸೆಸ್’ ಎಂದು ಬರುತ್ತದೆ. ‘ಓಪನ್ ಆಗ್ತಿಲ್ಲ ಸಾರ್’ ಎಂದು ಫೋನು. ಆಫೀಸಿನ ಹುಡುಗ ‘ಶೇರ್’ ಒತ್ತಿ, ‘ರಿಸ್ಟ್ರಿಕ್ಟೆಡ್’ ಎಂದಿದ್ದುದನ್ನು ‘ಎನಿವನ್ ವಿತ್ ದ ಲಿಂಕ್’ ಎಂದು ಬದಲಿಸುತ್ತಾನೆ. ಫೋಲ್ಡರ್ ತೆರೆಯುತ್ತದೆ, ಕ್ಲೈಂಟ್ ಒಪ್ಪುತ್ತಾರೆ, ರಿಟರ್ನ್ ಸಲ್ಲಿಕೆಯಾಗುತ್ತದೆ. ಬದಲಿಸಿದ ಸೆಟ್ಟಿಂಗ್ ಮಾತ್ರ ಮುಂದಿನ ಜುಲೈಗೂ ಅದರಾಚೆಗೂ ಹಾಗೆಯೇ ಉಳಿಯುತ್ತದೆ.

ಆ ಹುಡುಗನದು ತಪ್ಪೆಂದು ಹೇಳಿ ಮುಗಿಸುವ ವಿಷಯವಲ್ಲ ಇದು. ಅವನಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಎದುರಿಗಿರುವ ಪರದೆ ಅವನಿಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೇಳುತ್ತಿದೆ ಎಂಬುದೂ ಅವನಿಗೆ ಗೊತ್ತಾಗುವುದಿಲ್ಲ. ಮೊದಲ ಪ್ರಶ್ನೆ, ಈ ಕಡತವನ್ನು ಯಾರು ತೆರೆಯಬಹುದು ಎಂಬುದು. ಎರಡನೆಯದು, ತೆರೆದವರು ಏನು ಮಾಡಬಹುದು ಎಂಬುದು. ಗೂಗಲ್ ಡ್ರೈವ್‌ನಲ್ಲಿ ಎರಡನೆಯದಕ್ಕೆ ಮೂರು ಉತ್ತರಗಳಿವೆ: ವ್ಯೂವರ್ ಎಂದರೆ ನೋಡಬಹುದು, ಕಮೆಂಟರ್ ಎಂದರೆ ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು, ಎಡಿಟರ್ ಎಂದರೆ ಒಳಗಿನದನ್ನೇ ತಿದ್ದಬಹುದು. ಹೆಚ್ಚಿನವರು ಯೋಚಿಸುವುದು ಇದರ ಬಗ್ಗೆ ಮಾತ್ರ. ‘ಎಡಿಟ್ ಕೊಟ್ಟಿಲ್ಲ, ವ್ಯೂ ಮಾತ್ರ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಅಪಾಯ ಇರುವುದು ಮೊದಲನೆಯ ಪ್ರಶ್ನೆಯಲ್ಲಿ. ರಿಸ್ಟ್ರಿಕ್ಟೆಡ್ ಎಂದಿದ್ದರೆ ಹೆಸರು ಸೇರಿಸಿದ ಖಾತೆಗಳಿಗೆ ಮಾತ್ರ ಪ್ರವೇಶ. ಸಂಸ್ಥೆ ಹಣ ಕೊಟ್ಟು ವರ್ಕ್‌ಸ್ಪೇಸ್ ಖಾತೆ ಪಡೆದಿದ್ದರೆ ನಡುವೆ ಇನ್ನೊಂದು ಆಯ್ಕೆ ಬರುತ್ತದೆ, ಸಂಸ್ಥೆಯೊಳಗಿನವರಿಗೆ ಮಾತ್ರ ಎಂಬುದು. ಮೂರನೆಯದೇ ‘ಎನಿವನ್ ವಿತ್ ದ ಲಿಂಕ್’. ಮೈಕ್ರೋಸಾಫ್ಟಿನ ಒನ್‌ಡ್ರೈವ್‌ನಲ್ಲೂ ಹೆಚ್ಚುಕಡಿಮೆ ಇದೇ ಮೆಟ್ಟಿಲುಗಳಿವೆ: ಯಾರಾದರೂ, ಸಂಸ್ಥೆಯವರು, ಈಗಾಗಲೇ ಅನುಮತಿ ಇದ್ದವರು, ಹೆಸರಿಸಿದ ನಿರ್ದಿಷ್ಟ ಜನ.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ‘ಎನಿವನ್ ವಿತ್ ದ ಲಿಂಕ್’ ಎಂಬುದು ಬೇರರ್ ಚೆಕ್ಕು. ಹೆಸರು ಸೇರಿಸಿ ಹಂಚಿದ್ದು ಎರಡು ಗೆರೆ ಎಳೆದ ಅಕೌಂಟ್ ಪೇಯಿ ಚೆಕ್ಕು. ಬೇರರ್ ಚೆಕ್ಕನ್ನು ಯಾರು ತಂದು ಕೌಂಟರಿನಲ್ಲಿ ಇಟ್ಟರೂ ದುಡ್ಡು ಸಿಗುತ್ತದೆ. ಕೊಟ್ಟವರ ಮನಸ್ಸಿನಲ್ಲಿ ಯಾರಿದ್ದರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಕ್ಲೈಂಟ್ ತಮಗೆ ಬಂದ ಲಿಂಕನ್ನು ಅಮೆರಿಕದಲ್ಲಿರುವ ಮಗನಿಗೆ ಕಳಿಸಿದರೆ, ಮಗ ಅದನ್ನು ಸಾಲ ಕೊಡಿಸುವ ಏಜೆಂಟಿಗೆ ಕಳಿಸಿದರೆ, ಏಜೆಂಟ್ ತನ್ನ ಆಫೀಸಿನ ಗ್ರೂಪಿಗೆ ಹಾಕಿದರೆ, ಆ ಗ್ರೂಪಿನ ಪ್ರತಿಯೊಬ್ಬರಿಗೂ ಕ್ಲೈಂಟಿಗೆ ಇದ್ದಷ್ಟೇ ಹಕ್ಕು. ತೆರೆದವರು ಯಾರೆಂದು ಆಡಿಟರಿಗೆ ತಿಳಿಯುವುದೂ ಇಲ್ಲ. ಹೀಗೆ ತೆರೆದಿಟ್ಟ ಗೂಗಲ್ ಶೀಟನ್ನು ಹೊರಗಿನವರು ನೋಡುತ್ತಿರುವಾಗ ಪರದೆಯ ಮೇಲಂಚಿನಲ್ಲಿ ಬಣ್ಣದ ಪುಟ್ಟ ವೃತ್ತಗಳಲ್ಲಿ ‘ಅನಾನಿಮಸ್’ ಎಂಬ ಪದದ ಜೊತೆ ಯಾವುದೋ ಪ್ರಾಣಿಯ ಹೆಸರು ಕಾಣಿಸುತ್ತದೆ. ತಮ್ಮ ಖಾತೆಗೆ ಲಾಗಿನ್ ಆಗಿದ್ದವರೂ, ಹೆಸರು ಹಿಡಿದು ಕರೆದವರಲ್ಲದಿದ್ದರೆ, ಆ ಪ್ರಾಣಿಯ ವೇಷದಲ್ಲೇ ಬರುತ್ತಾರೆ. ಒಬ್ಬ ನಿವೃತ್ತರ ಬ್ಯಾಂಕ್ ಸ್ಟೇಟ್‌ಮೆಂಟಿನ ಮುಂದೆ ಹೆಸರಿಲ್ಲದ ಮೂವರು ಕೂತಿದ್ದಾರೆಂದರೆ ಅದನ್ನು ಹಂಚಿಕೆ ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ತಂತ್ರಜ್ಞಾನ ಬಲ್ಲವರದು. ಲಿಂಕ್‌ನಲ್ಲಿ ಹತ್ತಾರು ಅಕ್ಷರ, ಅಂಕಿಗಳು ಗೊತ್ತುಗುರಿಯಿಲ್ಲದೆ ಬೆರೆತಿರುತ್ತವೆ, ಅದನ್ನು ಯಾರೂ ಊಹಿಸಲಾರರು, ಹಾಗಾಗಿ ಅದು ಪಾಸ್‌ವರ್ಡ್ ಇದ್ದಂತೆಯೇ ಎನ್ನುತ್ತಾರೆ. ಊಹಿಸಲಾಗದು ಎಂಬುದು ನಿಜ. ಆದರೆ ಪಾಸ್‌ವರ್ಡನ್ನು ನಾವು ಬಚ್ಚಿಡುತ್ತೇವೆ, ಲಿಂಕನ್ನು ಕಳಿಸುತ್ತೇವೆ. ಅದು ಇರುವುದೇ ಓಡಾಡಲು. ಓಡಾಡುವಾಗ ಅದು ಎಲ್ಲೆಲ್ಲಿ ಉದುರುತ್ತದೆ ಎಂಬುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. 2014ರ ಮೇ ತಿಂಗಳಲ್ಲಿ ಡ್ರಾಪ್‌ಬಾಕ್ಸ್ ಒಂದು ಲೋಪವನ್ನು ಒಪ್ಪಿಕೊಂಡಿತು. ಹಂಚಿದ ಕಡತದೊಳಗೆ ಬೇರೊಂದು ಜಾಲತಾಣದ ವಿಳಾಸವಿದ್ದು ಓದುಗರು ಅದನ್ನು ಒತ್ತಿದರೆ, ‘ಈತ ಎಲ್ಲಿಂದ ಬಂದ’ ಎಂದು ಬ್ರೌಸರ್ ಆ ಜಾಲತಾಣಕ್ಕೆ ತಿಳಿಸುವಾಗ ಗುಟ್ಟಿನ ಲಿಂಕ್ ಇಡಿಯಾಗಿ ಅಲ್ಲಿಗೆ ತಲುಪುತ್ತಿತ್ತು. ಇಂಟ್ರಾಲಿಂಕ್ಸ್ ಎಂಬ ಕಂಪನಿಗೆ ತನ್ನ ಜಾಹೀರಾತುಗಳ ಅಂಕಿಅಂಶ ನೋಡುತ್ತಿದ್ದಾಗಲೇ ಅಪರಿಚಿತರ ತೆರಿಗೆ ರಿಟರ್ನ್‌ಗಳಿಗೆ ಹೋಗುವ ಲಿಂಕ್‌ಗಳು ಸಿಕ್ಕಿದ್ದವು. 2016ರಲ್ಲಿ ಸಂಶೋಧಕ ಮಾರ್ಟಿನ್ ಜಾರ್ಜೀವ್ ಮತ್ತು ಕಾರ್ನೆಲ್ ಟೆಕ್‌ನ ವಿತಾಲಿ ಶ್ಮಾತಿಕೋವ್, ಒನ್‌ಡ್ರೈವ್‌ನ ಮೊಟಕು ಮಾಡಿದ ಲಿಂಕ್‌ಗಳಲ್ಲಿ ಉಳಿಯುವ ಆರು ಅಕ್ಷರಗಳನ್ನು ಕಂಪ್ಯೂಟರಿನಿಂದ ಒಂದಾದ ಮೇಲೊಂದು ಪರೀಕ್ಷಿಸುತ್ತಾ ಹೋದರೆ ಜನರ ಖಾಸಗಿ ಫೋಲ್ಡರ್‌ಗಳು ತೆರೆಯುತ್ತವೆ ಎಂದು ತೋರಿಸಿದರು. ಹಾಗೆ ಸಿಕ್ಕವುಗಳಲ್ಲಿ ಸುಮಾರು 7% ಫೋಲ್ಡರ್‌ಗಳಿಗೆ ಹೊರಗಿನವರು ತಮ್ಮ ಫೈಲ್‌ಗಳನ್ನು ತುಂಬಲೂ ಸಾಧ್ಯವಿತ್ತು. 2018ರ ಜುಲೈನಲ್ಲಿ ರಷ್ಯಾದ ಯಾಂಡೆಕ್ಸ್ ಹುಡುಕುತಾಣದ ಫಲಿತಾಂಶಗಳಲ್ಲಿ ಗೂಗಲ್ ಡಾಕ್ಸ್ ಕಡತಗಳು ಸಾಲಾಗಿ ಕಾಣಿಸಿಕೊಂಡವು. ಎಲ್ಲೋ ಒಂದು ತೆರೆದ ಪುಟದಲ್ಲಿ ಯಾರೋ ಲಿಂಕ್ ಅಂಟಿಸಿದ್ದರೆ ಸಾಕು, ಹುಡುಕುಯಂತ್ರ ಅದನ್ನು ಹಿಂಬಾಲಿಸಿ ಹೋಗುತ್ತದೆ. ಈ ಯಾವ ಘಟನೆಯಲ್ಲೂ ಕಡತ ತೆರೆದುಕೊಳ್ಳಲು ಬಳಕೆದಾರರ ಪಾಸ್‌ವರ್ಡ್ ಕದಿಯಬೇಕಾಗಿರಲಿಲ್ಲ.

ಎರಡನೆಯ ಆಕ್ಷೇಪಣೆ ಸಣ್ಣ ಆಫೀಸುಗಳದು: ನಮ್ಮ ಫೈಲು ಯಾರಿಗೆ ಬೇಕು? ಈ ಮಾತಿನಲ್ಲಿ ಕೇಡು ಬಯಸುವ ಒಬ್ಬ ಹ್ಯಾಕರ್‌ನ ಚಿತ್ರವಿದೆ, ಕಾಲದ ಲೆಕ್ಕವಿಲ್ಲ. ಜಪಾನಿನ ಏಟೀಮ್ ಎಂಬ ಮೊಬೈಲ್ ಆಟಗಳ ಕಂಪನಿ 2023ರ ಕೊನೆಯಲ್ಲಿ ಒಪ್ಪಿಕೊಂಡ ಸಂಗತಿ ಇಲ್ಲಿ ನೆನೆಯಬೇಕಾದದ್ದು. ಅದರ ಗೂಗಲ್ ಡ್ರೈವ್‌ನಲ್ಲಿದ್ದ 1,369 ಕಡತಗಳು ‘ಎನಿವನ್ ವಿತ್ ದ ಲಿಂಕ್’ ಸೆಟ್ಟಿಂಗ್‌ನಲ್ಲಿದ್ದವು. ಒಳಗಿದ್ದುದು 9,35,779 ಜನರ ವಿವರ: ಗ್ರಾಹಕರು, ವ್ಯವಹಾರದ ಪಾಲುದಾರರು, ಕಂಪನಿಯವರೇ ಆದ ನೌಕರರು, ಕೆಲಸಕ್ಕೆ ಅರ್ಜಿ ಹಾಕಿ ಹೋದವರು. 2017ರ ಮಾರ್ಚ್‌ನಿಂದ 2023ರ ನವೆಂಬರ್‌ವರೆಗೆ, ಅಂದರೆ ಆರು ವರ್ಷಕ್ಕೂ ಮೇಲ್ಪಟ್ಟು, ಆ ಕಡತಗಳು ಹಾಗೆಯೇ ಇದ್ದವು. ದತ್ತಾಂಶ ಕದ್ದ ಕುರುಹು ಸಿಕ್ಕಿಲ್ಲ ಎಂದು ಕಂಪನಿ ಹೇಳಿತು. ಆದರೆ ಕದ್ದಿಲ್ಲ ಎಂದು ಖಚಿತವಾಗಿ ಹೇಳುವ ದಾರಿಯೂ ಅದಕ್ಕಿರಲಿಲ್ಲ ಎಂಬುದನ್ನು ಗಮನಿಸಬೇಕು. ತಂತ್ರಜ್ಞಾನವೇ ಕಸುಬಾದ ಕಂಪನಿಗೆ ಆರು ವರ್ಷ ಕಾಣದ್ದು ಗಾಂಧಿಬಜಾರಿನ ನಾಲ್ಕು ಜನರ ಆಫೀಸಿಗೆ ಎಷ್ಟು ವರ್ಷ ಕಾಣದಿರಬಹುದು?

ನಮ್ಮ ಊರಿನದೇ ಒಂದು ಸಾಕ್ಷ್ಯವೂ ಇದೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇ 1ರಂದು ಒಂದು ವರದಿ ಪ್ರಕಟಿಸಿತು. ನಾಲ್ಕು ಸರ್ಕಾರಿ ಪೋರ್ಟಲ್‌ಗಳನ್ನು ನೋಡಿದ ಅದರ ಸಂಶೋಧಕರು, ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಯಾರು ಬೇಕಾದರೂ ನೋಡುವಂತಿದ್ದವು ಎಂದು ಅಂದಾಜಿಸಿದರು. ಪಿಂಚಣಿ ಯೋಜನೆಯ ಪೋರ್ಟಲ್‌ನಲ್ಲಿ ಅವರು ಕಂಡದ್ದು ಇನ್ನೂ ಬೆರಗಿನ ವಿಷಯ: ಪುಟದ ವಿಳಾಸದಲ್ಲಿ ‘ನೋಲಾಗಿನ್’ ಎಂದಿದ್ದುದನ್ನು ‘ಲಾಗಿನ್’ ಎಂದು ತಿದ್ದಿದರೆ ಮರೆಮಾಡಿಟ್ಟಿದ್ದ ವಿವರಗಳು ತೆರೆದುಕೊಳ್ಳುತ್ತಿದ್ದವು. ಅದು ಡ್ರೈವ್ ಲಿಂಕ್‌ನ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಹಿಂದಿರುವ ನಂಬಿಕೆ ಒಂದೇ. ವಿಳಾಸ ಗೊತ್ತಿಲ್ಲದವರು ಬರಲಾರರು, ಗೊತ್ತಿದ್ದು ಬಂದವರು ನಮ್ಮವರೇ ಆಗಿರುತ್ತಾರೆ ಎಂಬ ನಂಬಿಕೆ. ಪಿಂಚಣಿ ಪಡೆಯುವ ಮುದುಕಿಯ ಬ್ಯಾಂಕ್ ಖಾತೆಯ ಸಂಖ್ಯೆ ಇಂಥ ನಂಬಿಕೆಯ ಮೇಲೆ ನಿಂತಿತ್ತು.

ಹೆಸರಿನ ಪಟ್ಟಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಕಡೆ ನೋಡಬಹುದು. ಪದವಿಪೂರ್ವ ಶಿಕ್ಷಣ ಇಲಾಖೆಯ ಕಚೇರಿ ಇರುವುದು ಅಲ್ಲಿ. 2016ರ ಮಾರ್ಚ್ 21ರ ದ್ವಿತೀಯ ಪಿಯು ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಸೋರಿಕೆಯಾಗಿ, ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯ ಪತ್ರಿಕೆಯೂ ಸೋರಿಕೆಯಾದಾಗ ಆ ಕಚೇರಿಯ ಮುಂದೆ ವಿದ್ಯಾರ್ಥಿಗಳೂ ಪೋಷಕರೂ ನೆರೆದು ಕೂಗಾಡಿದ್ದು ಇನ್ನೂ ಹಲವರಿಗೆ ನೆನಪಿರಬೇಕು. ಅಂದು ಪತ್ರಿಕೆ ಕಾಗದದ ಮೇಲಿತ್ತು, ಖಜಾನೆಯ ಬೀಗದೊಳಗಿತ್ತು, ಆದರೂ ಹೊರಬಂತು. ‘ನೋಡಿ, ಬೀಗ ಹಾಕಿದರೂ ಪ್ರಯೋಜನವಿಲ್ಲ’ ಎಂದು ಇದರಿಂದ ವಾದಿಸಬಹುದು. ನನಗೆ ಕಾಣುವುದು ಬೇರೆ. ತನಿಖೆ ಸಿಐಡಿಗೆ ಹೋದಾಗ ಅದು ಎಲ್ಲಿಂದ ಶುರುವಾಗಬೇಕೆಂಬುದಕ್ಕೆ ಒಂದು ಉತ್ತರವಿತ್ತು: ಪತ್ರಿಕೆ ಯಾರ ಯಾರ ಸುಪರ್ದಿಯಲ್ಲಿತ್ತು ಎಂಬ ದಾಖಲೆಯಿಂದ. ಸೋರಿಕೆಯನ್ನು ತಡೆಯಲಾಗದ ಪಟ್ಟಿಯೂ ಸೋರಿಕೆಯಾದ ಮೇಲೆ ಬೆಲೆಯುಳ್ಳದ್ದೇ. ತೆರೆದ ಲಿಂಕ್‌ನ ವಿಷಯದಲ್ಲಿ ಆ ಪಟ್ಟಿಯೇ ಇರುವುದಿಲ್ಲ. ಯಾರನ್ನು ಕೇಳಬೇಕೆಂದೇ ತಿಳಿಯದ ಕಡೆ ಎಲ್ಲರ ಮೇಲೂ ಅನುಮಾನ ಬೀಳುತ್ತದೆ, ಮೊದಲು ಬೀಳುವುದು ಕೆಳಗಿನ ಕೆಲಸದ ಹುಡುಗನ ಮೇಲೆ.

ಇನ್ನು ಫೋಲ್ಡರ್‌ನ ವಿಷಯ. ನನ್ನ ತಿಳಿವಳಿಕೆಯಲ್ಲಿ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ, ಅತಿ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ಫೋಲ್ಡರ್ ಒಂದಕ್ಕೆ ಕೊಟ್ಟ ಅನುಮತಿ ಒಳಗಿರುವ ಎಲ್ಲ ಕಡತಗಳಿಗೂ ಇಳಿಯುತ್ತದೆ. ಮುಂದೆ ಸೇರಿಸುವ ಕಡತಗಳಿಗೂ ಇಳಿಯುತ್ತದೆ. ಚಾಮರಾಜಪೇಟೆಯ ಒಂದು ಸಣ್ಣ ಪ್ರಕಾಶನ ಸಂಸ್ಥೆಯನ್ನು ಊಹಿಸಿಕೊಳ್ಳಿ. ಪುಸ್ತಕ ಬಿಡುಗಡೆಯ ಫೋಟೊಗಳನ್ನು ಬಂದವರೆಲ್ಲ ನೋಡಲೆಂದು ಒಂದು ಫೋಲ್ಡರನ್ನು ಲಿಂಕ್ ಇದ್ದವರಿಗೆಲ್ಲ ತೆರೆದು ಗ್ರೂಪುಗಳಿಗೆ ಹಾಕುತ್ತಾರೆ, ಅದರಲ್ಲಿ ತಪ್ಪಿಲ್ಲ. ಆರು ತಿಂಗಳ ಮೇಲೆ ಡಿಟಿಪಿ ಮಾಡುವವರು ಅದೇ ಪುಸ್ತಕದ ಅಚ್ಚಿಗೆ ಸಿದ್ಧವಾದ ಪಿಡಿಎಫ್ ಅನ್ನು, ‘ಈ ಪುಸ್ತಕದ್ದೇ ಅಲ್ಲವೇ’ ಎಂದು ಆ ಫೋಲ್ಡರ್‌ಗೆ ಸೇರಿಸುತ್ತಾರೆ. ಲೇಖಕರ ಕರಾರುಪತ್ರ, ಗೌರವಧನ ಹಾಕಲು ತರಿಸಿಕೊಂಡ ರದ್ದಾದ ಚೆಕ್ಕಿನ ಫೋಟೊ ಕೂಡ ಅಲ್ಲಿಗೇ ಹೋಗುತ್ತವೆ. ಯಾರೂ ‘ಶೇರ್’ ಒತ್ತಿಲ್ಲ, ಯಾರೂ ಸೆಟ್ಟಿಂಗ್ ಮುಟ್ಟಿಲ್ಲ. ಆದರೂ ಬಿಡುಗಡೆಗೆ ಬಂದ ಪ್ರತಿಯೊಬ್ಬರ ಫೋನಿನಲ್ಲಿರುವ ಹಳೆಯ ಲಿಂಕ್ ಈಗ ಇಡೀ ಪುಸ್ತಕವನ್ನೂ ಲೇಖಕರ ಖಾತೆ ಸಂಖ್ಯೆಯನ್ನೂ ತೋರಿಸುತ್ತದೆ. ಮಾರಾಟದಲ್ಲಿರುವ ಕನ್ನಡ ಪುಸ್ತಕಗಳ ಪಿಡಿಎಫ್ ಟೆಲಿಗ್ರಾಂನಲ್ಲಿ ಓಡಾಡುವುದರಿಂದ ನಮ್ಮ ಪ್ರಕಾಶಕರು ಎಷ್ಟು ನೊಂದಿದ್ದಾರೆ ಎಂದು ಬಲ್ಲವರಿಗೆ ಇದು ಸಣ್ಣ ಮಾತಾಗಿ ಕಾಣದು. ವ್ಯೂವರ್ ಎಂಬ ಮಿತಿಯೂ ಇಲ್ಲಿ ಕಾಪಾಡುವುದಿಲ್ಲ. ವ್ಯೂವರ್ ಆದವರು ಸಾಮಾನ್ಯವಾಗಿ ಡೌನ್‌ಲೋಡ್ ಮಾಡಬಹುದು, ಪ್ರತಿ ತೆಗೆಯಬಹುದು. ಅದನ್ನು ನಿಲ್ಲಿಸುವ ಗುಂಡಿ ಬೇರೆಯೇ ಇದೆ; ನಿಲ್ಲಿಸಿದರೂ ಪರದೆಯ ಫೋಟೊ ತೆಗೆಯುವುದನ್ನು ತಡೆಯಲಾಗದು.

ತಪ್ಪು ತಿಳಿದ ಮೇಲೆ ಮುಚ್ಚಿದರಾಯಿತಲ್ಲ ಎನ್ನುವವರು ಇನ್ನೊಂದು ವಿವರ ತಿಳಿದಿರಬೇಕು. ಗೂಗಲ್ ಡ್ರೈವ್‌ನಲ್ಲಿ ಲಿಂಕ್ ಎಂದರೆ ಆ ಕಡತದ ಕಾಯಂ ವಿಳಾಸ. ರಿಸ್ಟ್ರಿಕ್ಟೆಡ್ ಮಾಡಿದ ತಕ್ಷಣ ಹೊರಗಿನವರಿಗೆ ಬಾಗಿಲು ಮುಚ್ಚುತ್ತದೆ, ನಿಜ. ಆದರೆ ಮುಂದಿನ ವರ್ಷ ಇನ್ಯಾರಿಗೋ ತೋರಿಸಲು ಅದನ್ನೇ ಮತ್ತೆ ಲಿಂಕ್ ಇದ್ದವರಿಗೆಲ್ಲ ತೆರೆದರೆ, ಹಿಂದೆ ಎಲ್ಲೆಲ್ಲಿಗೋ ಹೋಗಿದ್ದ ಹಳೆಯ ಲಿಂಕ್‌ಗಳೆಲ್ಲ ಒಟ್ಟಿಗೆ ಜೀವ ಪಡೆಯುತ್ತವೆ. ಹೊಸ ವಿಳಾಸ ಬೇಕೆಂದರೆ ಕಡತದ ಹೊಸ ಪ್ರತಿಯನ್ನೇ ಮಾಡಬೇಕು. ಒನ್‌ಡ್ರೈವ್‌ನಲ್ಲಿ ಹೀಗಲ್ಲ, ಒಂದೊಂದು ಲಿಂಕ್ ಪ್ರತ್ಯೇಕ ವಸ್ತು, ಒಂದನ್ನು ಅಳಿಸಿ ಬೇರೊಂದನ್ನು ಮಾಡಬಹುದು, ಕೆಲವು ಖಾತೆಗಳಲ್ಲಿ ಅದಕ್ಕೆ ಕಡೆಯ ದಿನಾಂಕವನ್ನೂ ಪಾಸ್‌ವರ್ಡನ್ನೂ ಹಾಕಬಹುದು. ಗೂಗಲ್ ಡಾಕ್ಸ್‌ನಲ್ಲಿ ‘ಪಬ್ಲಿಶ್ ಟು ವೆಬ್’ ಎಂಬ ಬೇರೆಯದೇ ಒಂದು ಬಾಗಿಲಿದೆ. ಅದನ್ನು ಒಮ್ಮೆ ತೆರೆದಿದ್ದರೆ ಆಮೇಲೆ ಕಡತವನ್ನು ರಿಸ್ಟ್ರಿಕ್ಟೆಡ್ ಮಾಡಿದರೂ ಪ್ರಕಟವಾದ ಪುಟ ಹಾಗೇ ಇರುತ್ತದೆ, ಪ್ರತ್ಯೇಕವಾಗಿಯೇ ನಿಲ್ಲಿಸಬೇಕು. ಕೆಲಸ ಬಿಟ್ಟು ಹೋದವರ ವಿಷಯವೂ ಇದರ ಜೊತೆಗೇ ಬರುತ್ತದೆ. ಅವರ ಹೆಸರಿಗೆ ಕೊಟ್ಟ ಅನುಮತಿಯನ್ನು ಅದೇ ಸಂಜೆ ತೆಗೆಯಬಹುದು. ಅವರ ಫೋನಿನಲ್ಲಿರುವ ತೆರೆದ ಲಿಂಕನ್ನು ತೆಗೆಯಲಾಗದು. ಆಫೀಸಿನ ಲೆಕ್ಕವೆಲ್ಲ ಒಬ್ಬ ನೌಕರರ ಸ್ವಂತ ಜೀಮೇಲ್‌ನಲ್ಲಿದ್ದರಂತೂ ಆ ಕಡತಗಳ ಒಡೆತನ ಅವರದೇ.

ಮೂರನೆಯ ಆಕ್ಷೇಪಣೆಯನ್ನು ನಾನು ಹೆಚ್ಚು ಗೌರವದಿಂದ ಕೇಳುತ್ತೇನೆ. ಹೆಸರು ಸೇರಿಸಿ ಹಂಚುವುದು ಚೆನ್ನ, ಆದರೆ ನಮ್ಮ ಕ್ಲೈಂಟುಗಳಲ್ಲಿ ಅರ್ಧ ಜನ ಎಪ್ಪತ್ತು ದಾಟಿದವರು, ಅವರ ಫೋನಿನಲ್ಲಿ ಯಾವ ಜೀಮೇಲ್ ಖಾತೆ ಇದೆಯೆಂದು ಅವರಿಗೇ ಗೊತ್ತಿಲ್ಲ, ಮಗಳು ಮಾಡಿಕೊಟ್ಟದ್ದು ಎನ್ನುತ್ತಾರೆ. ಜುಲೈ 30ರ ರಾತ್ರಿ ಹತ್ತು ಗಂಟೆಗೆ ‘ರಿಕ್ವೆಸ್ಟ್ ಆಕ್ಸೆಸ್’ ಒತ್ತಿ ಕಾಯಿರಿ ಎಂದರೆ ಕೆಲಸ ಸಾಗುವುದಿಲ್ಲ. ಇದು ನಿಜವಾದ ಕಷ್ಟ. ಇದಕ್ಕೆ ಭಾಗಶಃ ಪರಿಹಾರ ಈಗಾಗಲೇ ಇದೆ: ವರ್ಕ್‌ಸ್ಪೇಸ್ ಖಾತೆಯಿಂದ ಗೂಗಲ್ ಖಾತೆ ಇಲ್ಲದವರಿಗೂ ಇಮೇಲ್‌ಗೆ ಬರುವ ಪಿನ್ ಮೂಲಕ ಕಡತ ತೋರಿಸಬಹುದು. ಉಳಿದಂತೆ, ಕ್ಲೈಂಟಿನ ಸರಿಯಾದ ಇಮೇಲನ್ನು ಜೂನ್‌ನಲ್ಲಿ ದಾಖಲೆ ತೆಗೆದುಕೊಳ್ಳುವಾಗಲೇ ಕೇಳಿ ಬರೆದುಕೊಂಡರೆ ಜುಲೈ ಕೊನೆಯ ರಾತ್ರಿಯ ಪರದಾಟ ಬಹಳಷ್ಟು ತಪ್ಪುತ್ತದೆ. ಅದೂ ಆಗದ ಕಡೆ, ಇಡೀ ಫೋಲ್ಡರ್ ಬದಲು ನೋಡಬೇಕಾದ ಒಂದೇ ಪಿಡಿಎಫ್ ಅನ್ನು ಪಾಸ್‌ವರ್ಡ್ ಹಾಕಿ ಕಳಿಸುವುದು ವಾಸಿ. ಅನಿವಾರ್ಯವಾಗಿ ಲಿಂಕ್ ತೆರೆದರೂ, ಅವರು ‘ನೋಡಿದೆ’ ಎಂದ ಮರುಗಳಿಗೆ ಮುಚ್ಚುವುದನ್ನು ಆ ಕೆಲಸದ ಭಾಗವೆಂದೇ ಎಣಿಸಬೇಕು. ಹಿರಿಯರ ಅನುಕೂಲಕ್ಕೆಂದು ಮಾಡಿದ್ದೇ ಅವರ ಉಳಿತಾಯದ ವಿವರ ಮೋಸಗಾರರ ಕೈಸೇರುವ ದಾರಿಯಾದರೆ ಅದನ್ನು ಅನುಕೂಲ ಎನ್ನಲಾಗದು. ಫೋನ್ ಮಾಡಿದ ಅಪರಿಚಿತ ನಮ್ಮ ಪ್ಯಾನ್ ಸಂಖ್ಯೆ, ಬ್ಯಾಂಕ್ ಶಾಖೆ, ಹೋದ ತಿಂಗಳ ಜಮೆ ಎಲ್ಲವನ್ನೂ ಸರಿಯಾಗಿ ಹೇಳಿದರೆ ಎಂಥವರೂ ಅವನನ್ನು ಬ್ಯಾಂಕಿನವನೆಂದೇ ನಂಬಿಬಿಡುತ್ತಾರೆ.

ಎಲ್ಲವನ್ನೂ ಬೀಗದೊಳಗಿಡಿ ಎಂಬುದು ನನ್ನ ಮಾತಲ್ಲ. ಇದೇ ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಎಂಬ ಯೋಜನೆಯವರು ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಲೋಕಕ್ಕೆಲ್ಲ ತೆರೆದಿಡುತ್ತಿದ್ದಾರೆ. ಅದು ನಾಡಿಗೆ ಆಗುತ್ತಿರುವ ದೊಡ್ಡ ಉಪಕಾರ. ಅಲ್ಲಿ ತೆರೆದಿಡುವುದು ಯೋಚಿಸಿ ಮಾಡಿದ ತೀರ್ಮಾನ, ಮಾಡಿದವರಿಗೆ ಏನನ್ನು ತೆರೆದಿದ್ದೇವೆ ಎಂಬುದು ಗೊತ್ತಿದೆ. ಸಂಘದ ಉಪನ್ಯಾಸದ ಕರಪತ್ರ, ಕಾಲೇಜಿನ ಹಳೆಯ ಪ್ರಶ್ನೆಪತ್ರಿಕೆ, ಅಪಾರ್ಟ್‌ಮೆಂಟಿನ ನೀರು ಬಿಡುವ ವೇಳಾಪಟ್ಟಿ ಇವೆಲ್ಲ ಲಿಂಕ್ ಇದ್ದವರಿಗೆಲ್ಲ ಸಿಗಲಿ. ಅದೇ ಅಪಾರ್ಟ್‌ಮೆಂಟಿನಲ್ಲಿ ಯಾವ ಮನೆಯವರು ಎಷ್ಟು ಬಾಕಿ ಉಳಿಸಿಕೊಂಡಿದ್ದಾರೆ ಎಂಬ ಶೀಟು, ಯಾರು ಬಾಡಿಗೆದಾರರು, ಅವರ ಆಧಾರ್ ಪ್ರತಿ ಎಲ್ಲಿದೆ ಎಂಬ ಫೋಲ್ಡರ್ ಬೇರೆ ಜಾತಿಯವು.

ಕಾನೂನೂ ಈಗ ಈ ಕಡೆಗೇ ವಾಲಿದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿ, ಕ್ಲೈಂಟಿನ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ವೃತ್ತಿಯ ದುರ್ನಡತೆ ಎಂದು ಬಹಳ ಹಿಂದೆಯೇ ಹೇಳಿದೆ. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸುವ ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ದಂಡದ ಹೆದರಿಕೆಗಿಂತ ಮೊದಲೇ ಈ ಕೆಲಸ ಆಗಬೇಕೆಂಬುದು ನನ್ನ ಆಸೆ, ಏಕೆಂದರೆ ಬಹುಪಾಲು ಒಂದು ಮಧ್ಯಾಹ್ನದ ಕೆಲಸವಿದು. ವರ್ಕ್‌ಸ್ಪೇಸ್ ಅಥವಾ ಮೈಕ್ರೋಸಾಫ್ಟ್ ಖಾತೆ ನೋಡಿಕೊಳ್ಳುವವರು ಸಂಸ್ಥೆಯ ಹೊರಗೆ ತೆರೆದ ಲಿಂಕ್ ಮಾಡುವುದನ್ನೇ ಒಂದು ಸೆಟ್ಟಿಂಗ್‌ನಿಂದ ನಿಲ್ಲಿಸಬಹುದು. ಹಾಗೆ ನೋಡಿಕೊಳ್ಳುವವರು ಯಾರೂ ಇಲ್ಲದ ಸಣ್ಣ ಆಫೀಸಿನಲ್ಲಿ, ವಾಟ್ಸಾಪಿನಲ್ಲಿ ಕಳಿಸಿದ ಹಳೆಯ ಲಿಂಕ್‌ಗಳಲ್ಲಿ ಒಂದನ್ನು ಪ್ರತಿ ಮಾಡಿಕೊಂಡು, ಕಂಪ್ಯೂಟರಿನ ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು ಅಲ್ಲಿ ಅಂಟಿಸಿ ನೋಡಬಹುದು. ಲಾಗಿನ್ ಆಗಿ ಎಂದು ಕೇಳಿದರೆ ಆ ಕಡತ ಮುಚ್ಚಿದೆ. ಏನೂ ಕೇಳದೆ ಕ್ಲೈಂಟಿನ ಹೆಸರೂ ಪ್ಯಾನ್ ಕಾರ್ಡೂ ಎದುರಿಗೆ ಬಂದರೆ, ಆ ಫೋಲ್ಡರ್‌ನಿಂದಲೇ ಶುರು ಮಾಡಿ, ಅದರ ಮೇಲಿನ ಫೋಲ್ಡರ್‌ಗೆ ಯಾವ ಅನುಮತಿ ಇದೆ ಎಂಬುದನ್ನೂ ನೋಡಿಕೊಂಡು, ಒಂದೊಂದಾಗಿ ಮುಚ್ಚುತ್ತಾ ಬರಬೇಕು.